ಚೀಟಿ ಸಾಹೇಬರ ಉಪ್ಪಿನ ಉಗ್ರಾಣ

"ಇವತ್ತು ಸಂಜೆ ಐದರೊಳಗೆ ಈ ಅಡುಗೆಮನೆಗೆ ಒಂದು ಶಿಸ್ತು ತಂದುಬಿಡ್ತೀನಿ! ಕಣ್ಣು ಮುಚ್ಚಿಕೊಂಡು ಕೈ ಹಾಕಿದ್ರೂ ಬೇಕಾದ್ದೇ ಸಿಗಬೇಕು, ಹಾಗೆ!"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಚೀಟಿ ಸಾಹೇಬರು ಹೀಗೊಂದು ಘೋಷಣೆ ಹೊರಡಿಸಿದರು.

"ನನಗೆ ಈಗ್ಲೂ ಕಣ್ಣು ಮುಚ್ಚಿಕೊಂಡು ಕೈ ಹಾಕಿದ್ರೆ ಸಿಗುತ್ತೆ" ಎಂದಳು ಅವರ ಹೆಂಡತಿ, ತಟ್ಟೆ ತೊಳೆಯುತ್ತ.

"ನಿನಗೆ ಸಿಗುತ್ತೆ. ನನಗೆ?"

"ನೀವ್ಯಾಕೆ ಕೈ ಹಾಕ್ಬೇಕು?"

ಇಂಥ ಪ್ರಶ್ನೆಗಳನ್ನು ಸಾಹೇಬರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಪಂಪು ತಯಾರಿಸುವ ಕಾರ್ಖಾನೆಯ ಉಗ್ರಾಣವನ್ನು ಇಪ್ಪತ್ತನಾಲ್ಕು ವರ್ಷದಿಂದ ಆಳುತ್ತಿದ್ದ ಮನುಷ್ಯ ಅವರು. ನಟ್ಟು, ಬೋಲ್ಟು, ವಾಷರು, ಸ್ಪ್ರಿಂಗು ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರು ಬಗೆ. ಒಂದೊಂದಕ್ಕೂ ಒಂದು ಡಬ್ಬ, ಡಬ್ಬಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಚೀಟಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಸ್ಕ್ರೂ ಆಚೀಚೆ ಆಗಿಲ್ಲ! ಚೀಟಿಯ ಚಟ ಎಷ್ಟೆಂದರೆ, ತಮ್ಮ ಊಟದ ಡಬ್ಬದ ಮೇಲೆ "ಊಟ" ಎಂದೂ ಕೊಡೆಯ ಹಿಡಿಯ ಮೇಲೆ "ಕೊಡೆ" ಎಂದೂ ಬರೆದು ಅಂಟಿಸಿದ್ದರು. ಕಾರ್ಖಾನೆಯವರು ಇಟ್ಟ ಹೆಸರೇ ಚೀಟಿ ಸಾಹೇಬರು. ಅದನ್ನು ಅವರು ಬಿರುದೆಂದೇ ಭಾವಿಸಿದ್ದರು.

ಅಡುಗೆಮನೆಯ ಮೊದಲ ಕಪಾಟು ತೆರೆದರು. ಎದುರಿಗೇ ಉಪ್ಪು! ಒಂದಲ್ಲ, ಎರಡಲ್ಲ. ಮುಚ್ಚಳ ಒಡೆದ ಭರಣಿಯಲ್ಲಿ ಒಂದು ಉಪ್ಪು, ಕಾಫಿಪುಡಿಯ ಹಳೇ ಬಾಟಲಿಯಲ್ಲಿ ಇನ್ನೊಂದು, ಬಿಸ್ಕತ್ತಿನ ಡಬ್ಬದಲ್ಲಿ ಮತ್ತೊಂದು, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದ ಪೊಟ್ಟಣದಲ್ಲಿ ಮಗದೊಂದು.

"ಏನೇ ಇದು! ಒಂದು ಮನೆಗೆ ಎಷ್ಟು ಬಗೆ ಉಪ್ಪು?"

"ಏಳು."

"ಏಳಾ! ಉಪ್ಪು ಅಂದ್ರೆ ಉಪ್ಪು. ಅದರಲ್ಲಿ ಏಳು ಯಾಕೆ?"

"ವಾಷರ್ ಅಂದ್ರೆ ವಾಷರು. ನಿಮ್ಮಲ್ಲಿ ಇನ್ನೂರು ಬಗೆ ಯಾಕೆ?"

ಸಾಹೇಬರು ತಲೆದೂಗಿದರು. ಈ ಭಾಷೆ ಅವರಿಗೆ ಅರ್ಥವಾಗುತ್ತಿತ್ತು. ರಿಜಿಸ್ಟರ್ ತಂದು, ಗೆರೆ ಎಳೆದು, "ಹೇಳು" ಎಂದರು.

ಹೆಂಡತಿ ಕೈ ಒರೆಸಿಕೊಂಡು ಬೆರಳು ಮಡಚಿದಳು. ಅಡುಗೆಗೆ ಪುಡಿಉಪ್ಪು. ಉಪ್ಪಿನಕಾಯಿಗೆ, ತಳ ಹಿಡಿದ ಬಾಣಲೆ ಉಜ್ಜೋಕೆ, ಬಿಸಿನೀರಿನ ಜೊತೆ ಸಿಂಕಿಗೆ ಸುರಿಯೋಕೆ ಕಲ್ಲುಪ್ಪು. ಅಮ್ಮನ ಗಂಟಲಿಗೆ, ಬಾಯಿ ಮುಕ್ಕಳಿಸೋಕೆ ಸೈಂಧವ ಲವಣ. ಹೊಟ್ಟೆ ಉಬ್ಬರಿಸಿದಾಗ ಮಜ್ಜಿಗೆಗೆ ಕಪ್ಪುಪ್ಪು. ಅಮ್ಮನ ಅಡುಗೆಗೆ ಬಿಪಿ ಉಪ್ಪು, ಅಂದರೆ ಸೋಡಿಯಂ ಕಡಿಮೆ ಇರುವ, ಡಾಕ್ಟರು ಬರೆದುಕೊಟ್ಟ ಉಪ್ಪು. ಅಮ್ಮ ಕಾಲು ನೆನೆಸಿಕೊಳ್ಳೋದಕ್ಕೂ ಕುಂಡದ ಗುಲಾಬಿಗೂ ಎಪ್ಸಮ್ ಉಪ್ಪು. ಗಡಸು ನೀರನ್ನು ಮೆತ್ತಗೆ ಮಾಡುವ ಮೆಷಿನ್ನಿಗೆ ಮೆಷಿನ್ ಉಪ್ಪು.

"ಎಪ್ಸಮ್ ಮಾತ್ರ ಅಡುಗೆ ಹತ್ರ ಬರಬಾರದು" ಎಂದು ಕೊನೆಗೆ ಸೇರಿಸಿದಳು. "ಹೊಟ್ಟೆಗೆ ಹೋದ್ರೆ ಭೇದಿ."

ಸಾಹೇಬರು ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ಆಮೇಲೆ ಶುರುವಾಯಿತು ಸುಧಾರಣೆ. ಒಂದೇ ಅಳತೆಯ, ಒಂದೇ ಬಣ್ಣದ ಏಳು ಹೊಸ ಪ್ಲಾಸ್ಟಿಕ್ ಡಬ್ಬಗಳು ಬಂದವು. ಮುಚ್ಚಳದಲ್ಲಿ ಉದುರಿಸಿಕೊಳ್ಳುವ ತೂತುಗಳಿದ್ದವು. ಕಲ್ಲುಪ್ಪು ತೂತಿನಲ್ಲಿ ಇಳಿಯಲಿಲ್ಲ. ಮೆಷಿನ್ ಉಪ್ಪಂತೂ ಗೋಲಿಯಷ್ಟು ದಪ್ಪ. ಸಾಹೇಬರು ಯೋಚಿಸಿದರು. ಉಗ್ರಾಣದ ಮೊದಲ ನಿಯಮ ಏಕರೂಪತೆ. ಮಿಕ್ಸಿ ತೆಗೆದರು. ಗುರ್ರ್ ಎಂದು ಏಳೂ ಉಪ್ಪನ್ನು ಒಂದೇ ಸಮನೆ ನುಣ್ಣಗೆ ಬೀಸಿಬಿಟ್ಟರು! ಮೊದಲೇ ನುಣ್ಣಗಿದ್ದ ಪುಡಿಉಪ್ಪನ್ನೂ ಬಿಡಲಿಲ್ಲ, ನ್ಯಾಯ ಎಲ್ಲರಿಗೂ ಒಂದೇ ಎಂದು.

ಒಂದರಿಂದ ಏಳರವರೆಗೆ ಸಂಖ್ಯೆ ಬರೆದ ಚೀಟಿಗಳು ಸಿದ್ಧವಾದವು. ಎಲ್ಲಿ ಅಂಟಿಸುವುದು? ಕಾರ್ಖಾನೆಯಲ್ಲಿ ಡಬ್ಬಗಳು ಎಳೆಯುವ ಖಾನೆಗಳಲ್ಲಿರುತ್ತವೆ, ಮೇಲಿನಿಂದ ನೋಡಿದರೆ ಮುಚ್ಚಳವೇ ಕಾಣುವುದು. ಆದ್ದರಿಂದ ಇಪ್ಪತ್ತನಾಲ್ಕು ವರ್ಷದ ಅಭ್ಯಾಸದಂತೆ ಚೀಟಿಗಳನ್ನು ಮುಚ್ಚಳದ ಮೇಲೆ, ನೀಟಾಗಿ, ಹಿಟ್ಟಿನ ಅಂಟಿನಿಂದ ಅಂಟಿಸಿದರು. ಯಾವ ಸಂಖ್ಯೆಗೆ ಯಾವ ಉಪ್ಪು ಎಂಬುದು ರಿಜಿಸ್ಟರಿನಲ್ಲಿ ದಾಖಲಾಯಿತು. ಡಬ್ಬಗಳು ಖಾನೆಗೆ ಇಳಿದವು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಒಂದು ಸಾಮ್ರಾಜ್ಯ ನೋಡುವಂತೆ ಅದನ್ನು ನೋಡಿದರು.

ಸೋಮವಾರ ಆ ಮನೆಗೆ ಸಾಮಾನ್ಯ ದಿನವಾಗಿರಲಿಲ್ಲ.

ಸಾಹೇಬರ ಹೆಂಡತಿ ಹನ್ನೊಂದು ವರ್ಷದಿಂದ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಎರಡನೆಯ ಅಡುಗೆಯವಳು. ಮುಖ್ಯ ಅಡುಗೆಯವರು ನಿವೃತ್ತರಾಗಿದ್ದರು. ಆ ಜಾಗಕ್ಕೆ ಇಬ್ಬರು ಅರ್ಜಿ ಹಾಕಿದ್ದರು: ಇವಳು, ಮತ್ತೆ ಹೋದ ವರ್ಷ ಬಂದ, ಮಾತಿನಲ್ಲೇ ಹೊಟ್ಟೆ ತುಂಬಿಸುವ ಒಬ್ಬ ಅಡುಗೆಯವನು. ತೀರ್ಮಾನ ಇಂದು ಮಧ್ಯಾಹ್ನ ಹನ್ನೆರಡೂವರೆಗೆ. ಹಿರಿಯ ಡಾಕ್ಟರು ಮತ್ತು ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಕೂತು ಇಬ್ಬರ ಸೂಪನ್ನೂ ರುಚಿ ನೋಡುತ್ತಾರೆ. ಸೂಪು ಮನೆಯಲ್ಲಿ ಮಾಡಿದ್ದಾಗಿರಬೇಕು. ಆಸ್ಪತ್ರೆಯ ಅಡುಗೆಮನೆಯ ಒಂದು ಚಿಟಿಕೆ ಸಾಮಾನನ್ನೂ ಮುಟ್ಟುವ ಹಾಗಿಲ್ಲ. ಆದರೆ ಬೆಳಗಿನ ಪಾಳಿಗೆ ಎಂದಿನಂತೆ ಹೋಗಲೇಬೇಕು. ರೋಗಿಗಳ ತಿಂಡಿ ಯಾರ ಪರೀಕ್ಷೆಗೂ ಕಾಯುವುದಿಲ್ಲವಲ್ಲ.

ಅವಳು ನಾಲ್ಕೂವರೆಗೇ ಎದ್ದು ದೊಡ್ಡ ಪಾತ್ರೆಯಲ್ಲಿ ತರಕಾರಿ ಸೂಪು ಕುದಿಸಿಟ್ಟಿದ್ದಳು. ಇಡೀ ಮನೆ ಘಮ್ಮೆನ್ನುತ್ತಿತ್ತು. ಸಾಹೇಬರು ರಜೆ ಹಾಕಿದ್ದರು.

"ಉಪ್ಪು ಹಾಕಿಲ್ಲ. ನಾನು ಯಾವಾಗ್ಲೂ ಕೊನೆಗೇ ಹಾಕೋದು" ಎಂದಳು ಚಪ್ಪಲಿ ಮೆಟ್ಟುತ್ತ. "ಹನ್ನೊಂದೂವರೆಗೆ ಬಿಸಿ ಮಾಡಿ, ಎರಡೂವರೆ ಚಮಚ ಪುಡಿಉಪ್ಪು ಹಾಕಿ ಕದಡಿ, ಪಾತ್ರೆ ತಗೊಂಡು ಬನ್ನಿ. ಅಷ್ಟೇ. ಬೇರೆ ಏನೂ ಮಾಡ್ಬೇಡಿ."

"ಡಬ್ಬ ನಂಬರ್ ಒಂದು" ಎಂದರು ಸಾಹೇಬರು.

"ನಂಬರ್ ನನಗೆ ಗೊತ್ತಿಲ್ಲ. ಪುಡಿಉಪ್ಪು." ಬಾಗಿಲಲ್ಲಿ ಒಂದು ಕ್ಷಣ ನಿಂತಳು. "ರೀ, ಹನ್ನೊಂದು ವರ್ಷ ಆಯ್ತು ಕಣ್ರೀ. ಹುಷಾರು."

ಸಾಹೇಬರಿಗೆ ಎದೆಯುಬ್ಬಿ ಬಂತು. ಹೆಂಡತಿ ತನ್ನ ಇಡೀ ಭವಿಷ್ಯವನ್ನು ಎರಡೂವರೆ ಚಮಚವಾಗಿ ಅವರ ಕೈಗೆ ಕೊಟ್ಟು ಹೋಗಿದ್ದಳು. ಅದಕ್ಕೆ ತಕ್ಕವನಾಗಬೇಕೆಂದು ಅವರು ನಿಜವಾಗಿಯೂ ಆಸೆಪಟ್ಟರು.

ಹತ್ತು ಗಂಟೆಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಡುಗೆಮನೆಗೆ ಬಂದರು. ಕಿಟಕಿಯ ಕಟ್ಟೆಯ ಮೇಲೆ ಏಳು ಡಬ್ಬಗಳು ಬಿಸಿಲಿಗೆ ಮುಖ ಒಡ್ಡಿ ಸಾಲಾಗಿ ಕೂತಿದ್ದವು. ಏಳಕ್ಕೂ ಮುಚ್ಚಳವಿಲ್ಲ!

ಸಿಂಕಿನ ಹತ್ತಿರ ಅತ್ತೆ, ಅಂದರೆ ಹೆಂಡತಿಯ ತಾಯಿ, ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದರು. ಬೋಗುಣಿಯಲ್ಲಿ ಏಳು ಮುಚ್ಚಳಗಳು. ನೊರೆಯ ಮೇಲೆ ಏಳು ಚೀಟಿಗಳು, ದೋಣಿಗಳ ಹಾಗೆ.

"ಅತ್ತೆ! ಏನ್ ಮಾಡ್ತಿದ್ದೀರ!"

"ಹೊಸ ಡಬ್ಬ ತೊಳೀದೆ ಯಾರಾದ್ರೂ ಬಳಸ್ತಾರಾ ಅಳಿಯಂದ್ರೆ? ಎಲ್ಲ ಪ್ಲಾಸ್ಟಿಕ್ ವಾಸನೆ. ಡಬ್ಬ ಆಮೇಲೆ ತೊಳೀತೀನಿ, ಮೊದಲು ಮುಚ್ಚಳ ಅಂತ ತೆಗೆದೆ."

"ಯಾವ ಡಬ್ಬದ್ದು ಯಾವ ಮುಚ್ಚಳ?"

"ಎಲ್ಲಾ ಎಲ್ಲದಕ್ಕೂ ಕೂತ್ಕೊಳ್ಳುತ್ತಲ್ಲ! ಒಂದೇ ಅಳತೆ. ಎಷ್ಟು ಚೆನ್ನಾಗಿ ನೋಡಿ ತಂದಿದ್ದೀರ!"

ಸಾಹೇಬರು ರಿಜಿಸ್ಟರಿಗೆ ಓಡಿದರು. ರಿಜಿಸ್ಟರು ಅಚ್ಚುಕಟ್ಟಾಗಿತ್ತು. ಒಂದು, ಪುಡಿಉಪ್ಪು. ಎರಡು, ಕಲ್ಲುಪ್ಪು. ಎಲ್ಲ ಸರಿ. ಆದರೆ ಯಾವುದು ಒಂದು, ಯಾವುದು ಎರಡು ಎಂಬುದು ನೊರೆಯಲ್ಲಿ ತೇಲುತ್ತಿತ್ತು. ಡಬ್ಬಗಳ ಮುಂದೆ ಬಂದು ನಿಂತರು. ಏಳು ಡಬ್ಬ. ಏಳರಲ್ಲೂ ನುಣ್ಣನೆಯ, ಹೆಚ್ಚುಕಡಿಮೆ ಬಿಳಿ ಪುಡಿ. ಬೆವರು ಬಂತು.

"ಗಾಬರಿ ಬೇಡ" ಎಂದು ತಮಗೆ ತಾವೇ ಹೇಳಿಕೊಂಡರು. "ಇದು ಗುರುತಿಸುವ ಕೆಲಸ. ಅದನ್ನೇ ಅಲ್ಲವೇ ನಾನು ಇಪ್ಪತ್ತನಾಲ್ಕು ವರ್ಷ ಮಾಡಿದ್ದು?"

ಮೊದಲು ಮೂಗು. ಮೂರನೆಯ ಡಬ್ಬಕ್ಕೆ ಮೂಗು ಒಡ್ಡಿದ್ದೇ ಕೊಳೆತ ಮೊಟ್ಟೆಯ ವಾಸನೆ ಘಾಟಾಗಿ ಹೊಡೆಯಿತು. ಕಪ್ಪುಪ್ಪು! ಸಾಹೇಬರು ಕುಣಿಯುವುದೊಂದು ಬಾಕಿ. ಉಳಿದದ್ದು ಆರು.

ಮುಂದೆ ಕಣ್ಣು. ಸೈಂಧವ ಲವಣ ಗುಲಾಬಿ ಬಣ್ಣದ್ದು. ಬೀಸಿದ ಮೇಲೆ ಬಿಳಿಚಿಕೊಂಡಿದ್ದರೂ ಎಲ್ಲೋ ಒಂದು ಛಾಯೆ ಉಳಿದಿರಲೇಬೇಕು. ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಂದು ಡಬ್ಬ ಗುಲಾಬಿಯಾಗಿ ಕಂಡಿತು. ಪಕ್ಕದ್ದೂ ಗುಲಾಬಿ. ಅದರ ಪಕ್ಕದ್ದೂ! ಆರೂ ಗುಲಾಬಿ! ಕೈ ನೋಡಿಕೊಂಡರು, ಕೈಯೂ ಗುಲಾಬಿ. ತಲೆಯೆತ್ತಿದರೆ ಕಿಟಕಿಯಾಚೆ ಹಗ್ಗದ ಮೇಲೆ ಕೆಳಗಿನ ಮನೆಯ ಟೈಲರ್ ಅಕ್ಕ ಒಣಗಿಸಲು ಹಾಕಿದ ಕೆಂಪು ಬಟ್ಟೆ, ಬಿಸಿಲನ್ನೆಲ್ಲ ಸೋಸಿ ಒಳಗೆ ಕಳಿಸುತ್ತಿತ್ತು.

ಇನ್ನು ಉಳಿದದ್ದು ನಾಲಿಗೆ. ಆರು ಲೋಟ ನೀರು, ಒಂದೊಂದಕ್ಕೆ ಒಂದೊಂದು ಚಮಚ ಪುಡಿ. ಒಂದು ಗುಟುಕು ಕುಡಿದರು. ಉಪ್ಪು! ಎರಡನೆಯದು? ಉಪ್ಪು! ಮೂರನೆಯದು ಉಪ್ಪು, ಆದರೆ ಸ್ವಲ್ಪ ಕಹಿ. ನಾಲ್ಕನೆಯದು ಜಾಸ್ತಿ ಕಹಿಯೋ ಕಡಿಮೆ ಕಹಿಯೋ ತಿಳಿಯಲಿಲ್ಲ. ಮತ್ತೆ ಮೂರನೆಯದು ಕುಡಿದರು. ಈಗ ಅದೇ ಹೆಚ್ಚು ಕಹಿ. ಮತ್ತೆ ನಾಲ್ಕು. ಮತ್ತೆ ಮೂರು. ಒಂದು ಬಿಪಿ ಉಪ್ಪು, ಇನ್ನೊಂದು ಎಪ್ಸಮ್, ಇಷ್ಟು ಖಚಿತ. ಯಾವುದು ಯಾವುದೆಂದು ತೀರ್ಮಾನಿಸುವ ಹೊತ್ತಿಗೆ ಎರಡೂ ಲೋಟ ಖಾಲಿಯಾಗಿದ್ದವು! ನಾಲಿಗೆ ಮರಗಟ್ಟಿತ್ತು. ಆಮೇಲೆ ಮೊದಲನೆಯ ಲೋಟವನ್ನು ಮತ್ತೊಮ್ಮೆ ಕುಡಿದರೆ ಅದೂ ಕಹಿ. ಬರೀ ನೀರು ಕುಡಿದರು. ಅದೂ ಕಹಿ!

"ಅಕ್ಕಾ" ಎನ್ನುತ್ತ ಅಷ್ಟರಲ್ಲಿ ಟೈಲರ್ ಅಕ್ಕ ಒಳಗೆ ಬಂದಳು, ತೋಳಿನ ಮೇಲೆ ಕೆಂಪು ಬಟ್ಟೆಯ ಇನ್ನೊಂದು ತಾನು. "ಒಂದು ಹಿಡಿ ಕಲ್ಲುಪ್ಪು ಕೊಡಿ ಅಣ್ಣಾ. ಬಣ್ಣ ಬಿಡ್ತಿದೆ ಇದು, ಉಪ್ಪುನೀರಲ್ಲಿ ನೆನೆಸ್ಬೇಕು. ನಮ್ಮನೇಲಿ ಉಪ್ಪೇ ಮುಗಿದುಹೋಗಿದೆ."

"ಕಲ್ಲುಪ್ಪು ಇದೆ. ಆದ್ರೆ ಕಲ್ಲಾಗಿಲ್ಲ."

"ಅಂದ್ರೆ?"

ಸಾಹೇಬರು ಹೇಳಿದರು. ಟೈಲರ್ ಅಕ್ಕ ಬಾಯಿ ತೆರೆದು ಕೇಳಿದಳು. ಆಮೇಲೆ ಅವಳ ಕಣ್ಣು ಹೊಳೆಯಿತು. "ಅಯ್ಯೋ, ಅಷ್ಟೇ ತಾನೆ! ಉಪ್ಪನ್ನ ಕೆಲಸಕ್ಕೆ ಹಚ್ಚಿ. ಯಾವುದು ಯಾವ ಕೆಲಸ ಮಾಡುತ್ತೋ ಅದೇ ಅದು!"

ಆಹಾ! ಇದು ಸಾಹೇಬರಿಗೆ ಹಿಡಿಸಿತು. ಕಾರ್ಖಾನೆಯಲ್ಲೂ ಗುರುತು ಸಿಗದ ಬೋಲ್ಟನ್ನು ಯಂತ್ರಕ್ಕೆ ಹಾಕಿಯೇ ನೋಡುತ್ತಿದ್ದರು. ರಿಜಿಸ್ಟರಿನಲ್ಲಿ ಹೊಸ ಪುಟ ತೆರೆದು ಮೇಲೆ "ಪರೀಕ್ಷೆ" ಎಂದು ಬರೆದರು. ಅಡಿಗೆರೆ ಹಾಕಿದರು.

ಆರು ಬಟ್ಟಲಲ್ಲಿ ಉಪ್ಪುನೀರು, ಆರು ಚೂರು ಕೆಂಪು ಬಟ್ಟೆ. ಐದು ನಿಮಿಷ ಕಾದರು. ಆರೂ ಬಟ್ಟಲ ನೀರು ಒಂದೇ ಸಮನೆ ಕೆಂಪಾಯಿತು.

"ಎಲ್ಲಾ ಬಿಡ್ತಲ್ಲಕ್ಕಾ!"

"ಬಟ್ಟೆದೇ ತಪ್ಪು ಅಣ್ಣಾ. ಕತ್ತರಿ ನೋಡಿ" ಎಂದು ಅವಳು ಸೆರಗಿನಿಂದ ತುಕ್ಕು ಹಿಡಿದ ದೊಡ್ಡ ಕತ್ತರಿ ತೆಗೆದಳು. "ನಿಂಬೆಹಣ್ಣು, ಕಲ್ಲುಪ್ಪು ಹಾಕಿ ಉಜ್ಜಿದ್ರೆ ತುಕ್ಕು ಹೋಗುತ್ತೆ."

ಒಂದು ಡಬ್ಬದ ಪುಡಿ ಹಾಕಿ ಉಜ್ಜಿದರು. ತುಕ್ಕು ಹೋಯಿತು. ಇದೇ ಕಲ್ಲುಪ್ಪು! ಸುಮ್ಮನೆ ಖಾತ್ರಿಗೆಂದು ಇನ್ನೊಂದರಲ್ಲಿ ಉಜ್ಜಿದರು. ಅದರಲ್ಲೂ ಹೋಯಿತು. ಕತ್ತರಿ ಕನ್ನಡಿಯಂತೆ ಹೊಳೆಯತೊಡಗಿತು. ಸಾಹೇಬರ ಮುಖ ಮಾತ್ರ ಕಳೆಗುಂದುತ್ತ ಬಂತು.

ಅತ್ತೆಯೂ ಉತ್ಸಾಹಗೊಂಡರು. "ಮೊಟ್ಟೆ ಹಾಕಿ ಅಳಿಯಂದ್ರೆ, ಉಪ್ಪುನೀರಲ್ಲಿ ಮೊಟ್ಟೆ ತೇಲುತ್ತೆ." ಮೊಟ್ಟೆ ಹಾಕಿದರು. ತೇಲಿತು. ಆರರಲ್ಲೂ ತೇಲಿತು! ತಳ ಹಿಡಿದ ಬಾಣಲೆಗೆ ಒಂದೊಂದು ಕಡೆಗೆ ಒಂದೊಂದು ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರು. ಬಾಣಲೆ ಎಲ್ಲ ಕಡೆಯಿಂದಲೂ ಬೆಳ್ಳಗಾಯಿತು. ಎರಡು ತಿಂಗಳಿಂದ ಗೊಳಗೊಳ ಎನ್ನುತ್ತಿದ್ದ ಸಿಂಕಿಗೆ ಎರಡು ಡಬ್ಬದ ಉಪ್ಪನ್ನು ಒಂದೊಂದು ಹಿಡಿ ಹಾಕಿ ಬಿಸಿನೀರು ಸುರಿದರು. ಸಿಂಕು ಒಂದು ತೇಗು ತೇಗಿ, ನೀರನ್ನು ಸರ್ರನೆ ಒಳಗೆ ಎಳೆದುಕೊಂಡಿತು.

ಕೊನೆಗೆ ಎಪ್ಸಮ್ಮಿಗಾಗಿ ಅತ್ತೆಯ ಕಾಲನ್ನೇ ಪಣಕ್ಕಿಟ್ಟರು. ಸಂಶಯವಿದ್ದ ಎರಡು ಡಬ್ಬದಿಂದ ಎರಡು ಬೋಗುಣಿ ಬಿಸಿನೀರು. ಬಲಗಾಲು ಒಂದರಲ್ಲಿ, ಎಡಗಾಲು ಇನ್ನೊಂದರಲ್ಲಿ.

"ಹೇಗಿದೆ ಅತ್ತೆ?"

ಅತ್ತೆ ಕಣ್ಣು ಮುಚ್ಚಿದರು. "ಬಲಗಾಲಿಗೆ ಹಾಯಾಗಿದೆ."

ಸಾಹೇಬರು ಪೆನ್ನು ಎತ್ತಿದರು.

"ಎಡಗಾಲಿಗೂ ಹಾಯಾಗಿದೆ."

ಪೆನ್ನು ಇಳಿಸಿದರು.

"ಮಂಡಿಯವರೆಗೂ ಹಾಯಾಗಿದೆ ಅಳಿಯಂದ್ರೆ. ದಿನಾ ಹೀಗೇ ಎರಡು ಬೋಗುಣಿ ಇಟ್ಟುಕೊಡಿ!"

ಹನ್ನೊಂದೂ ಮುಕ್ಕಾಲಿಗೆ ಮನೆ ಫಳಫಳ ಹೊಳೆಯುತ್ತಿತ್ತು. ಕತ್ತರಿ ಹೊಸದಾಗಿತ್ತು, ಬಾಣಲೆ ಹೊಸದಾಗಿತ್ತು, ಸಿಂಕಿಗೆ ಪ್ರಾಣ ಬಂದಿತ್ತು, ಅತ್ತೆ ಗೊರಕೆ ಹೊಡೆಯುತ್ತಿದ್ದರು. ಎಲ್ಲ ಉಪ್ಪುಗಳೂ ಎಲ್ಲ ಕೆಲಸವನ್ನೂ ಮಾಡಿಕೊಟ್ಟಿದ್ದವು. ತಾವು ಯಾರೆಂದು ಮಾತ್ರ ಒಂದೂ ಬಾಯಿ ಬಿಟ್ಟಿರಲಿಲ್ಲ. ರಿಜಿಸ್ಟರಿನ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು.

"ಅಂಗಡಿಯಿಂದ ಒಂದು ಪೊಟ್ಟಣ ತಂದುಬಿಡಿ ಅಣ್ಣಾ, ಅತ್ಲಾಗೆ" ಎಂದಳು ಟೈಲರ್ ಅಕ್ಕ, ಹೊಳೆಯುವ ಕತ್ತರಿಯನ್ನು ಸೆರಗಿಗೆ ಒರೆಸುತ್ತ.

ಸಾಹೇಬರು ಸೆಟೆದು ನಿಂತರು. "ಮನೇಲಿ ಏಳು ಡಬ್ಬ ಉಪ್ಪು ಇಟ್ಕೊಂಡು ಅಂಗಡೀಲಿ ಉಪ್ಪು ಕೇಳಲಾ? ದಾಸ್ತಾನು ಇರುವಾಗ ಹೊಸ ಖರೀದಿ ಇಲ್ಲ! ಇದು ಉಗ್ರಾಣದ ನಿಯಮ!"

"ನಿಮ್ಮಿಷ್ಟ" ಎಂದು ಅವಳು ಹೊರಟಳು.

ನಿಯಮ ಸರಿಯಾಗಿ ಹದಿನೈದು ನಿಮಿಷ ಗಟ್ಟಿಯಾಗಿ ನಿಂತಿತು. ಹನ್ನೆರಡಕ್ಕೆ ಸಾಹೇಬರು ಅಂಗಡಿಗೆ ಓಡಿದರು. ಅಂಗಡಿಯವನು ಆಗಷ್ಟೇ ಬಾಗಿಲೆಳೆದು ಊಟಕ್ಕೆ ಹೋಗಿದ್ದ.

ಏದುಸಿರು ಬಿಡುತ್ತ ಮನೆಗೆ ಬಂದು, ಸೂಪು ಬಿಸಿ ಮಾಡಿದರು. ಪರೀಕ್ಷೆಗಳ ಗಡಿಬಿಡಿಯಲ್ಲಿ ಡಬ್ಬಗಳೆಲ್ಲ ಜಾಗ ಬದಲಿಸಿ, ಕಹಿಯಾದ ಎರಡು ಯಾವುವೆಂಬುದೂ ಕಲಸಿಹೋಗಿತ್ತು; ಇನ್ನು ಊಹೆಯೇ ಗತಿ. ಒಂದು ಡಬ್ಬದಿಂದ ಚಮಚ ತುಂಬಿ ಪಾತ್ರೆಯ ಮೇಲೆ ಹಿಡಿದರು. ಇದೇ ಎಪ್ಸಮ್ ಆಗಿದ್ದರೆ? ಹಿರಿಯ ಡಾಕ್ಟರು, ಹಿಂದೆ ಮೇಟ್ರನ್, ಇಬ್ಬರೂ ಒಂದೇ ಬಾಗಿಲಿನ ಕಡೆ ಓಡುವ ಚಿತ್ರ ಕಣ್ಣಮುಂದೆ ಬಂತು. ಚಮಚ ಕೆಳಗಿಟ್ಟರು. ನನ್ನ ಚೀಟಿಯ ಬಿರುದಿಗಾಗಿ ಹೆಂಡತಿಯ ಹನ್ನೊಂದು ವರ್ಷವನ್ನು ಹಾಳು ಮಾಡಿದೆನಲ್ಲ ಎಂದು ಅವರಿಗೆ ಆಗ, ಆ ಒಲೆಯ ಮುಂದೆ, ನಾಚಿಕೆಯಾಯಿತು. ಅಳುವೂ ಬಂತು. ಬಂದ ಅಳುವನ್ನು ನುಂಗಿದರೆ ಅದೂ ಉಪ್ಪಾಗಿಯೇ ಇತ್ತು, ಯಾವ ಉಪ್ಪೆಂದು ಮಾತ್ರ ತಿಳಿಯಲಿಲ್ಲ.

ಸಪ್ಪೆ ಸೂಪಿನ ಪಾತ್ರೆ ಒಂದು ಕೈಯಲ್ಲಿ, ಏಳು ಡಬ್ಬಗಳ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಎರಡನೆಯ ತಂಗುದಾಣದ ಹೊತ್ತಿಗೆ ಹೊಟ್ಟೆಯೊಳಗೆ ಎಲ್ಲೋ ದೂರದಲ್ಲಿ ಗುಡುಗಿದಂತಾಯಿತು. ಭಯಕ್ಕಿರಬೇಕು ಎಂದುಕೊಂಡರು.

ಆಸ್ಪತ್ರೆಯ ಊಟದ ಕೋಣೆಯಲ್ಲಿ ಉದ್ದನೆಯ ಮೇಜು. ಹಿರಿಯ ಡಾಕ್ಟರು ಇನ್ನೊಬ್ಬ ಅಡುಗೆಯವನ ಸೂಪು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದರು. ಅವನು ಪಕ್ಕದಲ್ಲಿ ನಿಂತು ಆ ಸೂಪಿನ ಚರಿತ್ರೆ ಹೇಳುತ್ತಿದ್ದ. ಮೇಟ್ರನ್ ಗಡಿಯಾರ ನೋಡುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಹೆಂಡತಿ ಪಾತ್ರೆಗೆ ಕೈ ಹಾಕಿ ತಗ್ಗಿದ ದನಿಯಲ್ಲಿ ಕೇಳಿದಳು:

"ಉಪ್ಪು ಹಾಕಿದ್ರಾ?"

"ಇಲ್ಲ."

"ಯಾಕೆ?"

"ಯಾವುದು ಅಂತ ಗೊತ್ತಾಗ್ಲಿಲ್ಲ."

ಚೀಲ ಬಿಚ್ಚಿ ತೋರಿಸಿದರು. ಬಿಕ್ಕುತ್ತ, ತೊದಲುತ್ತ, ಮಿಕ್ಸಿಯಿಂದ ಮೊಟ್ಟೆಯವರೆಗೆ ಎಲ್ಲ ಒಪ್ಪಿಕೊಂಡರು. ಹೆಂಡತಿ ಏಳು ಡಬ್ಬಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಏನಮ್ಮಾ ಇದು?" ಎಂದರು ಮೇಟ್ರನ್.

"ಉಪ್ಪು ಮೇಡಂ. ಒಂದು ನಿಮಿಷ."

ಒಂದನ್ನು ಮೂಸಿ ಆಚೆ ಸರಿಸಿದಳು. ಮಿಕ್ಕ ಡಬ್ಬಗಳನ್ನು ಒಂದೊಂದೇ ಓರೆ ಮಾಡಿದಳು. ನಾಲ್ಕು ಡಬ್ಬಗಳಲ್ಲಿ ಪುಡಿ ಅಂಟಿಕೊಂಡು ಗಟ್ಟಿಯಾಗಿ ಕೂತಿತು. ಎರಡರಲ್ಲಿ ಮಾತ್ರ ಮರಳಿನ ಹಾಗೆ ಸರ್ರನೆ ಜಾರಿತು.

"ಕಾರ್ಖಾನೇಲಿ ಪೊಟ್ಟಣ ಕಟ್ಟೋವಾಗ ಗಂಟು ಕಟ್ಟದ ಹಾಗೆ ಏನೋ ಬೆರೆಸಿರ್ತಾರೆ ಮೇಡಂ, ಬೀಸಿದ್ರೂ ಉದುರುದುರಾಗೇ ಇರುತ್ತೆ. ಅಂಥವು ಎರಡೇ, ಪುಡಿಉಪ್ಪು, ಬಿಪಿ ಉಪ್ಪು. ಮಿಕ್ಕಿದ್ದನ್ನ ಬೀಸಿಟ್ರೆ ರಾತ್ರಿ ತೇವ ಹೀರ್ಕೊಂಡು ಗಟ್ಟಿಯಾಗುತ್ತೆ." ಆ ಎರಡರಿಂದ ಒಂದೊಂದು ಕಣ ನಾಲಿಗೆಗೆ ತಾಗಿಸಿದಳು. "ಇದು ಹಿಂದೆ ಕಹಿ ಬಿಡುತ್ತೆ, ಅಮ್ಮನದ್ದು. ಇದು ಪುಡಿಉಪ್ಪು."

ಅರ್ಧ ನಿಮಿಷ! ಇಡೀ ಕೋಣೆ ಅವಳ ಕೈಯನ್ನೇ ನೋಡುತ್ತಿತ್ತು. ಇನ್ನೊಬ್ಬ ಅಡುಗೆಯವನ ಸೂಪಿನ ಚರಿತ್ರೆಯೂ ನಡುವೆಯೇ ನಿಂತಿತ್ತು. ಅವಳು ಎರಡೂವರೆ ಚಮಚ ಅಳೆದು ಹಾಕಿ ಕದಡಿದಳು. ಸಾಹೇಬರು ಕೈ ಕಟ್ಟಿಕೊಂಡು, ಇದೆಲ್ಲ ತಮ್ಮದೇ ಏರ್ಪಾಡು ಎಂಬಂತೆ, ಒಂದು ಹೆಜ್ಜೆ ಮುಂದೆ ಬಂದರು. ಆಗ ಹೊಟ್ಟೆಯಲ್ಲಿ ಎರಡನೆಯ ಗುಡುಗು. ಈ ಸಲ ಡಾಕ್ಟರಿಗೂ ಕೇಳಿಸಿತು.

ಹೆಂಡತಿ ತಿರುಗಿ ನೋಡಿದಳು. ಗಂಟು ಕಟ್ಟಿದ ಒಂದು ಡಬ್ಬ ಎತ್ತಿ, ಬೆರಳ ನಡುವೆ ಪುಡಿ ಉಜ್ಜಿ ನೋಡಿ ಕೇಳಿದಳು. "ರುಚಿ ನೋಡ್ದೆ ಅಂದ್ರಲ್ಲ, ಕಹಿಯಾಗಿದ್ದು ಎಷ್ಟು ಕುಡಿದ್ರಿ?"

"ಒಂದೊಂದು ಲೋಟ ಇರಬಹುದು. ಒಂದೊಂದು ಚಮಚ ಹಾಕಿದ್ದೆ. ಜಾಸ್ತೀನೇ ತುಂಬಿದ್ದೆ ಅನ್ಸುತ್ತೆ."

"ಓಡಿ" ಎಂದಳು ಹೆಂಡತಿ. "ಎಡಗಡೆ ಮೂರನೇ ಬಾಗಿಲು!"

ಸಾಹೇಬರು ಓಡಿದರು. ತಮ್ಮ ಜೀವನದ ಅತಿ ಮುಖ್ಯ ತೀರ್ಪು ಹೊರಬೀಳುವಾಗ ಅವರು ಎಡಗಡೆಯ ಮೂರನೆಯ ಬಾಗಿಲ ಹಿಂದೆ ಚಿಲಕ ಹಾಕಿಕೊಂಡು ಕೂತಿದ್ದರು. ಗೋಡೆಯಾಚೆ ಚಮಚಗಳ ಸದ್ದು, ಆಮೇಲೆ ಡಾಕ್ಟರರ ಗಂಭೀರ ದನಿ. ಮಾತು ತಿಳಿಯಲಿಲ್ಲ. ಎದ್ದು ಹೋಗಿ ಕೇಳೋಣವೆಂದರೆ ಹೊಟ್ಟೆ ಬಿಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಎದ್ದು ಮೂರು ಸಲವೂ ಕೂತರು.

ಕೊನೆಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದಾಗ ಊಟದ ಕೋಣೆಯಲ್ಲಿ ಎಲ್ಲ ಮುಗಿದಿತ್ತು. ಇನ್ನೊಬ್ಬ ಅಡುಗೆಯವನು ಪಾತ್ರೆ ಎತ್ತಿಕೊಂಡು ಹೋಗಿದ್ದ. ಡಾಕ್ಟರು ಎರಡನೆಯ ಬಟ್ಟಲು ಸೂಪು ಕುಡಿಯುತ್ತಿದ್ದರು. ಮೇಟ್ರನ್ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಹೇಳುತ್ತಿದ್ದರು:

"ನಮ್ಮಲ್ಲಿ ಅರ್ಧ ವಾರ್ಡಿಗೆ ಉಪ್ಪು ಕಡಿಮೆ, ಕೆಲವರಿಗೆ ಉಪ್ಪೇ ಇಲ್ಲ, ಇನ್ನು ಕೆಲವರಿಗೆ ಬೇರೆ ಉಪ್ಪು. ಒಂದು ಡಬ್ಬ ತಪ್ಪಿದ್ರೆ ಒಂದು ಜೀವ. ಸೂಪು ಇಬ್ಬರದ್ದೂ ಚೆನ್ನಾಗಿತ್ತು. ಆದ್ರೆ ನಮಗೆ ಬೇಕಾದ್ದು ನಿಮ್ಮ ಕೈ."

ಸಾಹೇಬರಿಗೆ ಹೊಟ್ಟೆನೋವು ಅರ್ಧ ಇಳಿಯಿತು. ಸಂತೋಷಕ್ಕೆ ಕಣ್ಣು ತುಂಬಿತು. ಹೆಂಡತಿಯ ಕೈ ಹಿಡಿಯಬೇಕೆನಿಸಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆಯಾಗಿತ್ತು. ಆದರೆ ಅವರು ಚೀಟಿ ಸಾಹೇಬರಲ್ಲವೇ!

"ನೋಡಿದ್ಯಾ!" ಎಂದರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ. "ನಾನು ಮುಂಚೇನೇ ಎಲ್ಲಾ ಒಂದೇ ಥರ ಮಾಡಿ ಇಡದೇ ಇದ್ದಿದ್ರೆ ನಿನ್ನ ಈ ಪ್ರತಿಭೆ ಹೊರಗೆ ಬರ್ತಿತ್ತಾ?"

ಹೆಂಡತಿ ಅವರನ್ನು ತಲೆಯಿಂದ ಕಾಲವರೆಗೆ ಒಮ್ಮೆ ನೋಡಿದಳು. ಇಸ್ತ್ರಿಯ ಅಂಗಿ ಮುದುಡಿತ್ತು, ಮುಖ ಬಿಳಿಚಿತ್ತು, ಮೂಗಿನ ತುದಿಯಲ್ಲಿ ಯಾವುದೋ ಒಂದು ಉಪ್ಪು ಅಂಟಿತ್ತು.

"ನಾಳೆಯಿಂದಲೇ ಹೊಸ ಕೆಲಸ" ಎಂದರು ಮೇಟ್ರನ್. "ಮುಖ್ಯ ಅಡುಗೆಯವರಿಗೆ ಮೊದಲ ದಿನ ಏನು ಬೇಕೋ ಕೇಳೋ ಹಕ್ಕಿದೆ. ದೊಡ್ಡ ಪಾತ್ರೆ, ಹೊಸ ಒಲೆ, ಏನಾದ್ರೂ ಸರಿ. ಹೇಳಿ, ಬರಕೋತೀನಿ."

"ಒಂದು ಬೀಗ ಕೊಡಿಸಿ ಮೇಡಂ" ಎಂದಳು ಹೆಂಡತಿ. "ಗಟ್ಟಿಯಾದ್ದು."

"ಬೀಗವಾ? ನಮ್ಮ ಉಗ್ರಾಣಕ್ಕೆ ಆಗಲೇ ಎರಡು ಬೀಗ ಇದೆಯಲ್ಲಮ್ಮಾ!"

"ಇಲ್ಲಿಗಲ್ಲ ಮೇಡಂ. ನಮ್ಮನೆ ಅಡುಗೆಮನೆಗೆ!"